ಗಡ್ಡೆಯೂ ಒಂದು ವ್ಯವಸ್ಥೆ: ಉಷ್ಣಗತಿಶಾಸ್ತ್ರದ ಮೂಲಕ ಕ್ಯಾನ್ಸರ್ ಬೋಧನೆ

ಎಂಟ್ರೊಪಿ ಎಂದರೇನು ಎಂದು ಕೇಳಿದರೆ ನಮ್ಮ ಟಿಪ್ಪಣಿಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ 'ಅವ್ಯವಸ್ಥೆಯ ಅಳತೆ'. ಕ್ಯಾನ್ಸರ್ ಎಂದರೇನು ಎಂದು ಕೇಳಿದರೆ ಸಿಗುವ ಉತ್ತರ 'ಜೀವಕೋಶಗಳ ಅವ್ಯವಸ್ಥಿತ ಬೆಳವಣಿಗೆ'. ಎರಡು ಬೇರೆ ಪಾಠಗಳಲ್ಲಿ ಒಂದೇ ಪದ ಬಂದಿದೆ. ಜಾಣ ವಿದ್ಯಾರ್ಥಿ ಈ ಎರಡನ್ನೂ ಜೋಡಿಸುತ್ತಾನೆ: ಎಂಟ್ರೊಪಿ ಹೆಚ್ಚಾಗುವುದು ಪ್ರಕೃತಿಯ ನಿಯಮ, ಕ್ಯಾನ್ಸರ್ ಎಂದರೆ ದೇಹದಲ್ಲಿ ಎಂಟ್ರೊಪಿ ಹೆಚ್ಚಾಗುವುದು, ಹಾಗಾದರೆ ಕ್ಯಾನ್ಸರ್ ಬಂದೇ ಬರುತ್ತದೆ. ತರ್ಕ ನೋಡಲು ಸರಿಯಾಗಿದೆ, ತೀರ್ಮಾನ ತಪ್ಪು. ಗಡ್ಡೆ ಅವ್ಯವಸ್ಥೆಯ ರಾಶಿಯಲ್ಲ. ಅದು ಆಹಾರ ಎಳೆದುಕೊಳ್ಳುತ್ತದೆ, ಕಸ ಹೊರಗೆ ಹಾಕುತ್ತದೆ, ತನಗೆ ಬೇಕಾದ ರಕ್ತನಾಳ ಬೆಳೆಯುವಂತೆ ಮಾಡುತ್ತದೆ. ಅದರೊಳಗೂ ಒಂದು ಕ್ರಮವಿದೆ. ಆದರೆ ಆ ಕ್ರಮ ದೇಹದ ಕ್ರಮಕ್ಕೆ ಹೊಂದಿಕೊಂಡಿಲ್ಲ. ಇದನ್ನು ಪ್ರೌಢಶಾಲೆಯ ಮಕ್ಕಳಿಗೆ ಹೇಗೆ ಹೇಳಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದೇ ಈ ಲೇಖನದ ವಿಷಯ.

ಅಭ್ಯಾಸ ಬೋಧನೆಯ ಅವಧಿಯಲ್ಲಿ ಹತ್ತನೆಯ ತರಗತಿಗೆ 'ಜೀವಕ್ರಿಯೆಗಳು' ಅಧ್ಯಾಯ ಮುಗಿದ ಮೇಲೆ ಎರಡು ಅವಧಿಗಳ ಪೂರಕ ಪಾಠವಾಗಿ ಇದನ್ನು ಯೋಜಿಸಿದೆ. ಆ ಅಧ್ಯಾಯವನ್ನೇ ಆರಿಸಿಕೊಳ್ಳಲು ಕಾರಣ, ಅದರಲ್ಲಿರುವ ಗ್ಲೂಕೋಸ್ ವಿಭಜನೆಯ ಕವಲು ಚಿತ್ರ. ಪೈರುವೇಟ್‌ನಿಂದ ಒಂದು ದಾರಿ ಮೈಟೊಕಾಂಡ್ರಿಯಾಕ್ಕೆ ಹೋಗುತ್ತದೆ, ಇನ್ನೊಂದು ಸ್ನಾಯುಕೋಶದಲ್ಲಿ ಲ್ಯಾಕ್ಟಿಕ್ ಆಮ್ಲದಲ್ಲಿ ನಿಲ್ಲುತ್ತದೆ. ಮಕ್ಕಳಿಗೆ ಈ ಚಿತ್ರ ಬಾಯಿಪಾಠ ಬಂದಿರುತ್ತದೆ. ಕ್ಯಾನ್ಸರ್ ಪಾಠಕ್ಕೆ ಬೇಕಾದ ಪೂರ್ವಜ್ಞಾನದ ಅರ್ಧ ಭಾಗ ಅಲ್ಲೇ ಇದೆ. ಉಳಿದರ್ಧ, ಅಂದರೆ ಥರ್ಮೊಡೈನಮಿಕ್ಸ್ ಎಂದು ನಾವು ಪದವಿಯಲ್ಲಿ ಓದಿದ ಉಷ್ಣಗತಿಶಾಸ್ತ್ರ, ಅವರಿಗೆ ಇನ್ನೂ ಬಂದಿರುವುದಿಲ್ಲ. ಅದನ್ನು ಸೂತ್ರಗಳಿಲ್ಲದೆ ಕಟ್ಟಿಕೊಡಬೇಕು.

ಜಮಾ–ಖರ್ಚಿನ ಲೆಕ್ಕವಾಗಿ ಎಂಟ್ರೊಪಿ

ಎಂಟ್ರೊಪಿಗೆ ಎಲ್ಲರೂ ಕೊಡುವ ಉದಾಹರಣೆ ಚೆಲ್ಲಾಪಿಲ್ಲಿಯಾದ ಕೋಣೆ. ನನಗೆ ಈ ಉದಾಹರಣೆ ಇಷ್ಟವಿಲ್ಲ. ಪುಸ್ತಕ ಮೇಜಿನ ಮೇಲಿದೆಯೋ ನೆಲದ ಮೇಲಿದೆಯೋ ಎಂಬುದಕ್ಕೂ ಶಾಖ ಹೇಗೆ ಹಂಚಿಹೋಗುತ್ತದೆ ಎಂಬುದಕ್ಕೂ ನೇರ ಸಂಬಂಧವಿಲ್ಲ. ಮೇಲಾಗಿ 'ಅವ್ಯವಸ್ಥೆ ಕೆಟ್ಟದ್ದು' ಎಂಬ ಭಾವನೆ ಮಕ್ಕಳ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಅದರ ಬದಲು ಶಕ್ತಿ ಚದುರಿಹೋಗುವುದರಿಂದ ಆರಂಭಿಸುವುದು ಒಳ್ಳೆಯದು. ಬಿಸಿ ಚಹಾದ ಲೋಟ ಮೇಜಿನ ಮೇಲಿದ್ದರೆ ಶಾಖ ಕೋಣೆಗೆ ಹರಡುತ್ತದೆ. ಹರಡಿದ ಶಾಖ ತಾನಾಗಿ ಮತ್ತೆ ಲೋಟಕ್ಕೆ ಬಂದು ಸೇರುವುದಿಲ್ಲ. ಮಗುವಿಗೆ ಗೊತ್ತಿರುವ ಈ ಸಂಗತಿಯಲ್ಲೇ ಎರಡನೆಯ ನಿಯಮ ಇದೆ.

ಮುಂದಿನ ಪ್ರಶ್ನೆ: ಎಲ್ಲವೂ ಹೀಗೆ ಚದುರುವುದಾದರೆ ಒಂದು ಕಡಲೆಕಾಳು ಮೊಳೆತು ಗಿಡವಾಗುವುದು ಹೇಗೆ? 1943ರಲ್ಲಿ ಭೌತವಿಜ್ಞಾನಿ ಎರ್ವಿನ್ ಶ್ರೋಡಿಂಗರ್ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಕೊಟ್ಟ ಉಪನ್ಯಾಸಗಳು ಈ ಪ್ರಶ್ನೆಯ ಸುತ್ತ ಇದ್ದವು. ಮರುವರ್ಷ ಅವು 'ವಾಟ್ ಈಸ್ ಲೈಫ್?' ಎಂಬ ಪುಸ್ತಕವಾಗಿ ಬಂದವು. ಜೀವಿ ತನ್ನ ಸುತ್ತಲಿನಿಂದ ಕ್ರಮವನ್ನು ಪಡೆದು, ಅವ್ಯವಸ್ಥೆಯನ್ನು ಹೊರಗೆ ಹಾಕುತ್ತ ಬದುಕುತ್ತದೆ ಎಂಬುದು ಅವರು ಕೊಟ್ಟ ಉತ್ತರದ ತಿರುಳು. ನಿಯಮ ಮುರಿಯುವುದಿಲ್ಲ. ಜೀವಿಯ ಒಳಗೆ ಎಂಟ್ರೊಪಿ ಕಡಿಮೆ ಇರುವಷ್ಟಕ್ಕೂ ಮಿಕ್ಕಿ ಹೊರಗೆ ಎಂಟ್ರೊಪಿ ಹೆಚ್ಚುತ್ತದೆ. ಮನೆಯ ಲೆಕ್ಕವನ್ನು ಮಾತ್ರ ನೋಡದೆ ಬೀದಿಯ ಲೆಕ್ಕವನ್ನೂ ಸೇರಿಸಿ ನೋಡಬೇಕು, ಅಷ್ಟೇ.

ಇಲ್ಲಿ ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ ಮಾಡಿಸಬಹುದು. ದಿನಕ್ಕೆ 2000 ಕಿಲೋಕ್ಯಾಲರಿ ಆಹಾರ ತಿನ್ನುವವರು ಸುಮಾರು 8400 ಕಿಲೋಜೂಲ್ ಶಕ್ತಿ ಒಳಗೆ ತೆಗೆದುಕೊಳ್ಳುತ್ತಾರೆ. ಅದನ್ನು ದಿನದ 86,400 ಸೆಕೆಂಡುಗಳಿಗೆ ಹಂಚಿದರೆ ಸೆಕೆಂಡಿಗೆ ಸುಮಾರು 97 ಜೂಲ್, ಅಂದರೆ 97 ವ್ಯಾಟ್. ತೂಕ ಏರದೆ ಇಳಿಯದೆ ಇರುವವರಲ್ಲಿ ಇದರ ಬಹುಭಾಗ ಕೊನೆಗೆ ಶಾಖವಾಗಿ ಹೊರಹೋಗುತ್ತದೆ. ಹಳೆಯ ಕಾಲದ ನೂರು ವ್ಯಾಟ್ ಬಲ್ಬಿಗೆ ಒಬ್ಬ ಮನುಷ್ಯ ಸಮ ಎಂದಾಗ ತರಗತಿ ನಗುತ್ತದೆ. ಮುಚ್ಚಿದ ಕೋಣೆಯಲ್ಲಿ ಐವತ್ತು ಮಕ್ಕಳು ಕುಳಿತರೆ ಸೆಕೆ ಏಕೆ ಎಂಬುದಕ್ಕೂ ಉತ್ತರ ಸಿಕ್ಕಿತು. ಪಿಯುಸಿ ಹಂತದವರಾದರೆ 97ನ್ನು ದೇಹದ ಕೆಲ್ವಿನ್ ತಾಪಮಾನ 310ರಿಂದ ಭಾಗಿಸಿ, ಪ್ರತಿ ಸೆಕೆಂಡಿಗೆ ಸುಮಾರು 0.3 ಜೂಲ್ ಪ್ರತಿ ಕೆಲ್ವಿನ್‌ನಷ್ಟು ಎಂಟ್ರೊಪಿ ಶಾಖದ ಮೂಲಕ ಹೊರಹೋಗುತ್ತದೆ ಎಂದೂ ತೋರಿಸಬಹುದು. ಹತ್ತನೆಯ ತರಗತಿಗೆ ಅದು ಬೇಡ.

ಹರಿವು ಇದ್ದಷ್ಟು ಹೊತ್ತು ಇರುವ ಕ್ರಮ

ಹೀಗೆ ಹರಿವಿನಿಂದ ಹುಟ್ಟುವ ಕ್ರಮವನ್ನು ಕಣ್ಣಿಗೆ ತೋರಿಸಬೇಕು. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ಬಾಯಿ ಕೆಳಗೆ ಮಾಡಿ ಹಿಡಿಯಿರಿ. ಒಬ್ಬರು ಮೇಲಿನಿಂದ ಮಗ್ಗಿನಲ್ಲಿ ನೀರು ಹೊಯ್ಯುತ್ತಿರಲಿ, ಇನ್ನೊಬ್ಬರು ಬಾಟಲಿಯನ್ನು ಒಮ್ಮೆ ತಿರುಗಿಸಲಿ. ಸುಳಿ ಏಳುತ್ತದೆ. ನೀರು ಹೊಯ್ಯುತ್ತಿರುವಷ್ಟು ಹೊತ್ತು ಸುಳಿ ಅಲ್ಲೇ ಇರುತ್ತದೆ, ಆದರೆ ಅದರಲ್ಲಿರುವ ನೀರು ಪ್ರತಿ ಕ್ಷಣ ಬೇರೆ. ಹೊಯ್ಯುವುದು ನಿಲ್ಲಿಸಿದರೆ ಸುಳಿಯೂ ಇಲ್ಲ. ಪಕ್ಕದಲ್ಲಿ ಒಂದು ಕಲ್ಲುಸಕ್ಕರೆಯ ಹರಳು ಇಟ್ಟು ಕೇಳಿ: ಎರಡರಲ್ಲೂ ಕ್ರಮವಿದೆ, ವ್ಯತ್ಯಾಸವೇನು? ಹರಳು ಡಬ್ಬಿಯಲ್ಲಿಟ್ಟರೂ ಹರಳೇ. ಸುಳಿಯನ್ನು ಡಬ್ಬಿಯಲ್ಲಿ ಇಡಲಾಗದು. ಈ ಒಂದು ಹೋಲಿಕೆಗೆ ಹತ್ತು ನಿಮಿಷ ಕೊಟ್ಟರೂ ನಷ್ಟವಿಲ್ಲ.

ಇನ್ನೊಂದು ಪ್ರಯೋಗವನ್ನು ಶಿಕ್ಷಕರೇ ಮಾಡಿ ತೋರಿಸಬೇಕು. ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಅಡುಗೆ ಎಣ್ಣೆಯ ತೆಳು ಪದರ, ಅದರಲ್ಲಿ ಚಿಟಿಕೆಯಷ್ಟು ಹೊಳೆಯುವ ಅಭ್ರಕದ ಪುಡಿ, ಕೆಳಗೆ ಸಣ್ಣ ಉರಿ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಕೆಳಗಿನ ಮತ್ತು ಮೇಲಿನ ತಾಪದ ಅಂತರ ಒಂದು ಮಟ್ಟ ದಾಟಿದ ಕೂಡಲೇ ಎಣ್ಣೆಯ ಮೇಲೆ ಜೇನುಗೂಡಿನಂಥ ಮನೆಗಳು ಮೂಡುತ್ತವೆ. ಹೊಗೆ ಏಳುವವರೆಗೆ ಕಾಯಿಸಬಾರದು. ಈ ಮನೆಗಳನ್ನು 1900ರಲ್ಲಿ ಫ್ರೆಂಚ್ ವಿಜ್ಞಾನಿ ಆನ್ರಿ ಬೆನಾರ್ ವ್ಯವಸ್ಥಿತವಾಗಿ ಅಧ್ಯಯನ ಮಾಡಿದರು. ಬಿಸಿ ಎಣ್ಣೆ ಹಗುರವಾಗಿ ಮೇಲೇಳುವುದೇ ಇದಕ್ಕೆ ಕಾರಣ ಎಂದು ಬಹುಕಾಲ ಬರೆಯುತ್ತಿದ್ದರು. ಇಷ್ಟು ತೆಳು ಪದರದಲ್ಲಿ ಮೇಲ್ಮೈ ಎಳೆತದ ವ್ಯತ್ಯಾಸವೇ ಮುಖ್ಯ ಕಾರಣ ಎಂಬುದು 1950ರ ದಶಕದಲ್ಲಿ ಸ್ಪಷ್ಟವಾಯಿತು. ನಮಗೆ ಬೇಕಾದ ಅಂಶ ಬೇರೆ: ಈ ಮನೆಗಳನ್ನು ಯಾರೂ ಚಿತ್ರ ಬರೆದು ಇಟ್ಟಿಲ್ಲ. ಪ್ರತಿಯೊಂದು ಹನಿಯೂ ತನ್ನ ಪಕ್ಕದ ಹನಿಗೆ ಮಾತ್ರ ಸ್ಪಂದಿಸಿತು, ಒಟ್ಟು ನಕ್ಷೆ ತಾನಾಗಿ ಮೂಡಿತು. ಇದೇ ಸ್ವಯಂಸಂಘಟನೆ. ಶಕ್ತಿಯನ್ನು ಚದುರಿಸುತ್ತಲೇ ಉಳಿಯುವ ಇಂಥ ರಚನೆಗಳ ಸಿದ್ಧಾಂತಕ್ಕಾಗಿ ಇಲ್ಯಾ ಪ್ರಿಗೋಜಿನ್ ಅವರಿಗೆ 1977ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದಿತು.

ವಾರ್‌ಬರ್ಗ್ ಕಂಡದ್ದು

ಇಷ್ಟು ಸಿದ್ಧತೆಯಾದ ಮೇಲೆ ಗಡ್ಡೆಗೆ ಬರಬಹುದು. ರಕ್ತದ ಕ್ಯಾನ್ಸರ್‌ನಲ್ಲಿ ಸಾಮಾನ್ಯವಾಗಿ ಗಡ್ಡೆ ಇರುವುದಿಲ್ಲ. ಆದ್ದರಿಂದ ಮುಂದಿನ ಮಾತು ಘನ ಗಡ್ಡೆಗಳ ಬಗ್ಗೆ ಮಾತ್ರ ಎಂದು ಮೊದಲೇ ಹೇಳಿಬಿಡಬೇಕು.

1920ರ ದಶಕದಲ್ಲಿ ಜರ್ಮನಿಯ ಜೀವರಸಾಯನ ವಿಜ್ಞಾನಿ ಒಟ್ಟೊ ವಾರ್‌ಬರ್ಗ್ ಗಡ್ಡೆಯ ತೆಳು ಹೋಳುಗಳನ್ನು ಗ್ಲೂಕೋಸ್ ದ್ರಾವಣದಲ್ಲಿಟ್ಟು ಅಳೆದರು. ಆಕ್ಸಿಜನ್ ಸಾಕಷ್ಟಿದ್ದರೂ ಅವು ಬಹಳ ಗ್ಲೂಕೋಸನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾಡಿ ಹೊರಬಿಡುತ್ತಿದ್ದವು. ನಮ್ಮ ಪಠ್ಯದ ಕವಲು ಚಿತ್ರದ ಪ್ರಕಾರ ಲ್ಯಾಕ್ಟಿಕ್ ಆಮ್ಲದ ದಾರಿ ಆಕ್ಸಿಜನ್ ಕೊರತೆಯಾದಾಗ ಮಾತ್ರ. ಚಿತ್ರವನ್ನು ತೋರಿಸಿ 'ಇಲ್ಲಿ ಏನು ವಿಚಿತ್ರ?' ಎಂದು ಕೇಳಿದರೆ ಮಕ್ಕಳೇ ಕಂಡುಹಿಡಿಯುತ್ತಾರೆ.

ಲೆಕ್ಕ ಹೀಗಿದೆ. ಒಂದು ಮೋಲ್ ಗ್ಲೂಕೋಸ್ ಪೂರ್ತಿ ಉರಿದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾದರೆ ಸುಮಾರು 2870 ಕಿಲೋಜೂಲ್ ಮುಕ್ತ ಶಕ್ತಿ ಬಿಡುಗಡೆಯಾಗುತ್ತದೆ. ಲ್ಯಾಕ್ಟಿಕ್ ಆಮ್ಲದಲ್ಲೇ ನಿಂತರೆ ಸುಮಾರು 196 ಮಾತ್ರ, ಅಂದರೆ ನೂರಕ್ಕೆ ಏಳರಷ್ಟು. ಉಳಿದ ತೊಂಬತ್ಮೂರು ಪಾಲು ಲ್ಯಾಕ್ಟಿಕ್ ಆಮ್ಲದ ಜೊತೆಗೆ ಕೋಶದಿಂದ ಹೊರಗೆ ಹೋಗುತ್ತದೆ. ಎಟಿಪಿಯಲ್ಲಿ ಹೇಳುವುದಾದರೆ ಒಂದು ಗ್ಲೂಕೋಸಿಗೆ ಅಲ್ಲಿ ಸುಮಾರು 30ರಿಂದ 32, ಇಲ್ಲಿ ಎರಡು. ಹಳೆಯ ಪುಸ್ತಕಗಳಲ್ಲಿ 36 ಅಥವಾ 38 ಎಂದಿದ್ದರೆ ಗಾಬರಿ ಬೇಡ, ನಂತರದ ಅಳತೆಗಳಲ್ಲಿ ಅದು ಇಳಿದಿದೆ.

ಇಷ್ಟು ನಷ್ಟದ ವ್ಯಾಪಾರ ಗಡ್ಡೆಗೆ ಏಕೆ? ಒಂದು ಉತ್ತರ: ಬೆಳೆಯುವ ಕೋಶಕ್ಕೆ ಶಕ್ತಿ ಒಂದೇ ಸಾಲದು, ಸಾಮಗ್ರಿಯೂ ಬೇಕು. ಗ್ಲೂಕೋಸನ್ನು ಪೂರ್ತಿ ಉರಿಸಿದರೆ ಇಂಗಾಲವೆಲ್ಲ ಗಾಳಿಗೆ ಹೋಯಿತು. ಮಧ್ಯದ ಹಂತಗಳಲ್ಲಿ ತಡೆದರೆ ಪೊರೆಯ ಕೊಬ್ಬಿಗೆ, ಡಿಎನ್ಎಯ ಘಟಕಗಳಿಗೆ, ಅಮೈನೊ ಆಮ್ಲಗಳಿಗೆ ಕಚ್ಚಾವಸ್ತು ಸಿಗುತ್ತದೆ. ಮನೆ ಕಟ್ಟಲು ತಂದ ಮರವನ್ನೆಲ್ಲ ಯಾರೂ ಒಲೆಗೆ ಹಾಕುವುದಿಲ್ಲ. ಜೊತೆಗೆ ಈ ಚಿಕ್ಕ ದಾರಿ ವೇಗದ ದಾರಿ. ಗ್ಲೂಕೋಸ್ ಧಾರಾಳವಾಗಿ ಬರುತ್ತಿರುವಾಗ ದಕ್ಷತೆಗಿಂತ ವೇಗ ಲಾಭದಾಯಕ. ವಿಜ್ಞಾನಿಗಳಲ್ಲಿ ಈ ಬಗ್ಗೆ ಚರ್ಚೆ ಇನ್ನೂ ನಡೆಯುತ್ತಿದೆ ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ಹೇಳಲೇಬೇಕಾದ ಇನ್ನೊಂದು ಮಾತು: ವಾರ್‌ಬರ್ಗ್ ತಮ್ಮ ಅಳತೆಯಲ್ಲಿ ಸರಿ, ತೀರ್ಮಾನದಲ್ಲಿ ಅಲ್ಲ. ಕೋಶದ ಉಸಿರಾಟ ಕೆಟ್ಟುಹೋಗುವುದೇ ಕ್ಯಾನ್ಸರಿನ ಮೂಲ ಎಂದು ಅವರು ಕೊನೆಯವರೆಗೂ ನಂಬಿದ್ದರು. ಆದರೆ ಹೆಚ್ಚಿನ ಗಡ್ಡೆಗಳಲ್ಲಿ ಮೈಟೊಕಾಂಡ್ರಿಯಾ ಕೆಲಸ ಮಾಡುತ್ತಲೇ ಇರುತ್ತದೆ ಎಂದು ನಂತರ ಗೊತ್ತಾಯಿತು. ಅಳತೆ ಮಾತ್ರ ಇಂದಿಗೂ ಉಪಯೋಗದಲ್ಲಿದೆ. ಪೆಟ್ ಸ್ಕ್ಯಾನ್‌ನಲ್ಲಿ ಫ್ಲೋರಿನ್–18 ಅಂಟಿಸಿದ ಗ್ಲೂಕೋಸಿನಂಥ ಅಣುವನ್ನು ರಕ್ತಕ್ಕೆ ಕೊಡುತ್ತಾರೆ, ಅದರ ಅರ್ಧಾಯು ಸುಮಾರು 110 ನಿಮಿಷ. ಗ್ಲೂಕೋಸನ್ನು ಹೆಚ್ಚು ಎಳೆದುಕೊಳ್ಳುವ ಗಡ್ಡೆ ಚಿತ್ರದಲ್ಲಿ ಎದ್ದು ಕಾಣುತ್ತದೆ. ಮಿದುಳು ಕೂಡ ಹಾಗೆಯೇ ಕಾಣುತ್ತದೆ, ಏಕೆಂದರೆ ಅದೂ ಗ್ಲೂಕೋಸಿನ ದೊಡ್ಡ ಗಿರಾಕಿ.

ಒಂದೆರಡು ಮಿಲಿಮೀಟರಿನ ಗಡಿ

ಕ್ಯಾನ್ಸರ್ ಎಂದ ಕೂಡಲೇ ಮಕ್ಕಳು 2, 4, 8, 16 ಎಂದು ಎಣಿಸಲು ಶುರುಮಾಡುತ್ತಾರೆ. ಎಣಿಸಲಿ. ಒಂದು ಕೋಶ 30 ಸಲ ಇಮ್ಮಡಿಯಾದರೆ ಸುಮಾರು 107 ಕೋಟಿ ಕೋಶಗಳು. ಒಂದು ಗ್ರಾಂ ಗಡ್ಡೆಯಲ್ಲಿ ಸ್ಥೂಲವಾಗಿ ಹತ್ತು ಕೋಟಿಯಿಂದ ನೂರು ಕೋಟಿ ಕೋಶಗಳಿರುತ್ತವೆ ಎಂದು ಅಂದಾಜು. ನೂರು ಕೋಟಿಯ ಲೆಕ್ಕ ಹಿಡಿದರೆ, ಇನ್ನು ಹತ್ತೇ ಸಲ ಇಮ್ಮಡಿಯಾದರೆ ಒಂದು ಕಿಲೋ. ಹಾಗಾದರೆ ಎಲ್ಲ ಗಡ್ಡೆಗಳೂ ಇದೇ ವೇಗದಲ್ಲಿ ಏಕೆ ಓಡುವುದಿಲ್ಲ?

ಇಲ್ಲಿ ಮುಕ್ತ ವ್ಯವಸ್ಥೆಯ ಪರಿಕಲ್ಪನೆ ನಿಜವಾಗಿ ಕೆಲಸಕ್ಕೆ ಬರುತ್ತದೆ. ಒಳಗೆ ಬರುವ ಹರಿವು ಮೇಲ್ಮೈಯ ಮೂಲಕ, ತಿನ್ನುವ ಬಾಯಿಗಳು ಘನಗಾತ್ರದ ತುಂಬ. ತ್ರಿಜ್ಯ ಇಮ್ಮಡಿಯಾದರೆ ಮೇಲ್ಮೈ ನಾಲ್ಕು ಪಟ್ಟು, ಗಾತ್ರ ಎಂಟು ಪಟ್ಟು. ಗಣಿತದ ಪಾಠದ ಗೋಳವನ್ನೇ ಇಲ್ಲಿ ತರಬಹುದು. ರಕ್ತನಾಳದಿಂದ ಆಕ್ಸಿಜನ್ ಅಂಗಾಂಶದೊಳಗೆ ವಿಸರಣೆಯಿಂದ ತಲುಪುವ ದೂರ 0.1ರಿಂದ 0.2 ಮಿ.ಮೀ. ಮಾತ್ರ. 1955ರಲ್ಲಿ ಥಾಮ್ಲಿನ್ಸನ್ ಮತ್ತು ಗ್ರೇ ಎಂಬ ಸಂಶೋಧಕರು ಮನುಷ್ಯರ ಶ್ವಾಸಕೋಶದ ಗಡ್ಡೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಸುಮಾರು ಈ ದೂರದ ಆಚೆ ಕೋಶಗಳು ಸತ್ತಿರುವುದನ್ನು ಗುರುತಿಸಿದರು. 1971ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕ ಜೂಡಾ ಫೋಕ್‌ಮನ್, ಹೊಸ ರಕ್ತನಾಳ ಬೆಳೆಯದೆ ಗಡ್ಡೆ ಕೆಲವೇ ಮಿಲಿಮೀಟರು ದಾಟಲಾರದು ಎಂಬ ವಾದ ಮಂಡಿಸಿದರು.

ಆ ರಕ್ತನಾಳ ಹೇಗೆ ಬರುತ್ತದೆ ಎಂಬುದು ಸ್ವಯಂಸಂಘಟನೆಗೆ ನನಗೆ ಸಿಕ್ಕ ಅತ್ಯುತ್ತಮ ಉದಾಹರಣೆ. ಆಕ್ಸಿಜನ್ ಕಡಿಮೆಯಾದ ಕೋಶದಲ್ಲಿ ಒಂದು ಪ್ರೋಟೀನು ಒಡೆಯದೆ ಉಳಿಯುತ್ತದೆ. ಅದು ಉಳಿದರೆ ರಕ್ತನಾಳವನ್ನು ಕರೆಯುವ ರಾಸಾಯನಿಕ ಸಂಕೇತ ಹೊರಡುತ್ತದೆ. ಪಕ್ಕದ ರಕ್ತನಾಳ ಆ ಸಂಕೇತದ ದಿಕ್ಕಿಗೆ ಕವಲೊಡೆಯುತ್ತದೆ. ಆಕ್ಸಿಜನ್ ಬರುತ್ತದೆ, ಕೋಶಗಳು ಹೆಚ್ಚುತ್ತವೆ, ಅಂಚಿನಲ್ಲಿ ಮತ್ತೆ ಆಕ್ಸಿಜನ್ ಕೊರತೆ, ಮತ್ತೆ ಸಂಕೇತ. ಯಾವ ಕೋಶಕ್ಕೂ ಇಡೀ ಗಡ್ಡೆಯ ನಕ್ಷೆ ಗೊತ್ತಿಲ್ಲ. ಎಣ್ಣೆಯ ಹನಿಗಳಂತೆ ಪ್ರತಿಯೊಂದೂ ತನ್ನ ನೆರೆಗೆ ಮಾತ್ರ ಸ್ಪಂದಿಸುತ್ತಿದೆ. ಹರಿವು ರಚನೆಯನ್ನು ಬೆಳೆಸುತ್ತದೆ, ರಚನೆ ಹರಿವನ್ನು ಹೆಚ್ಚಿಸುತ್ತದೆ. ಕೋಶ ಆಕ್ಸಿಜನ್ ಕೊರತೆಯನ್ನು ಗ್ರಹಿಸುವ ಈ ವಿಧಾನವನ್ನು ಕಂಡುಹಿಡಿದ ಮೂವರಿಗೆ, ಕೇಲಿನ್, ರ್‍ಯಾಟ್‌ಕ್ಲಿಫ್ ಮತ್ತು ಸೆಮೆಂಝಾ ಅವರಿಗೆ, 2019ರ ವೈದ್ಯಕೀಯ ನೊಬೆಲ್ ದೊರೆಯಿತು. ಹಾಗೆ ಬೆಳೆದ ನಾಳಗಳು ಸೊಟ್ಟಗೆ, ಸೋರುತ್ತ, ಅಲ್ಲಲ್ಲಿ ಕುರುಡು ತುದಿಗಳಾಗಿ ಇರುತ್ತವೆ. ಆದ್ದರಿಂದ ಗಡ್ಡೆ ದೊಡ್ಡದಾದಂತೆ ಬೆಳವಣಿಗೆಯ ವೇಗ ಕುಗ್ಗುತ್ತದೆ. 1825ರಲ್ಲಿ ಬೆಂಜಮಿನ್ ಗೊಂಪರ್ಟ್ಸ್ ಮನುಷ್ಯರ ಮರಣದ ಲೆಕ್ಕಕ್ಕಾಗಿ ಬರೆದ ಸಮೀಕರಣ ಗಡ್ಡೆಗಳ ಬೆಳವಣಿಗೆಗೂ ಹೊಂದುತ್ತದೆ ಎಂದು 1964ರಲ್ಲಿ ಅನ್ನಾ ಲೇರ್ಡ್ ತೋರಿಸಿದರು. ಹಲಗೆಯ ಮೇಲೆ ಇಮ್ಮಡಿಸುವ ರೇಖೆಯನ್ನೂ ಬಾಗಿ ಚಪ್ಪಟೆಯಾಗುವ ಈ ರೇಖೆಯನ್ನೂ ಪಕ್ಕಪಕ್ಕ ಎಳೆದರೆ ಸಾಕು, ಸಮೀಕರಣ ಬೇಕಾಗಿಲ್ಲ.

ಲೆಕ್ಕದ ಆಚೆಗೆ

ಇಲ್ಲಿಯವರೆಗೆ ಬಂದವರು ಇಲ್ಲಿಗೇ ಪಾಠ ಮುಗಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಮಾರ್ಗದರ್ಶಿ ಶಿಕ್ಷಕಿಯವರು ಪಾಠಯೋಜನೆ ನೋಡಿದಾಗ ಕೇಳಿದ ಪ್ರಶ್ನೆ ಇದೇ: "ಇದೆಲ್ಲ ತಾಯಿಯ ಹೊಟ್ಟೆಯಲ್ಲಿರುವ ಕೂಸಿಗೂ ಅನ್ವಯಿಸುತ್ತದಲ್ಲಮ್ಮ, ಮತ್ತೆ ವ್ಯತ್ಯಾಸ ಏನು?"

ನಿಜ. ಭ್ರೂಣವೂ ಮುಕ್ತ ವ್ಯವಸ್ಥೆ. ಅದೂ ಆಹಾರ ಎಳೆಯುತ್ತದೆ, ಕಸ ಹೊರಹಾಕುತ್ತದೆ, ರಕ್ತನಾಳ ಬೆಳೆಸುತ್ತದೆ. ಗಾಯ ಮಾಯುವಾಗಲೂ ಹೊಸ ನಾಳಗಳು ಬರುತ್ತವೆ. ಸೋಂಕಿನ ವಿರುದ್ಧ ಎಚ್ಚೆತ್ತು ಬೇಗಬೇಗ ವಿಭಜಿಸುವ ಬಿಳಿ ರಕ್ತಕಣಗಳೂ ಆಕ್ಸಿಜನ್ ಇದ್ದಾಗಲೇ ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಎಂಟ್ರೊಪಿಯ ಲೆಕ್ಕಪುಸ್ತಕವೊಂದನ್ನೇ ಹಿಡಿದು ಕುಳಿತರೆ ಕೂಸು ಯಾವುದು, ಗಡ್ಡೆ ಯಾವುದು ಎಂದು ಹೇಳಲಾಗದು. ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂದು ಉಷ್ಣಗತಿಶಾಸ್ತ್ರ ಹೇಳುತ್ತದೆ. ಸಾಧ್ಯವಾದುದರಲ್ಲಿ ಯಾವುದು ಏಕೆ ನಡೆಯಿತು ಎಂಬುದಕ್ಕೆ ಜೀವಶಾಸ್ತ್ರವೇ ಬೇಕು.

ವ್ಯತ್ಯಾಸ ಇರುವುದು ಮಾತು ಕೇಳುವುದರಲ್ಲಿ. ಗಾಯ ತುಂಬಿದ ಮೇಲೆ ಚರ್ಮದ ಕೋಶಗಳಿಗೆ 'ಸಾಕು' ಎಂಬ ಸಂಕೇತ ಬರುತ್ತದೆ, ಅವು ನಿಲ್ಲುತ್ತವೆ. ಗಡ್ಡೆಯ ಕೋಶಗಳು ನಿಲ್ಲುವುದಿಲ್ಲ. ಹಾಗೆಂದು ಅವು ಸುತ್ತಲಿನ ಮಾತಿಗೆ ಪೂರ್ತಿ ಕಿವುಡಲ್ಲ ಎಂದು ತೋರಿಸಿದ ಪ್ರಯೋಗಗಳಿವೆ. 1975ರಲ್ಲಿ ಬಿಯಾಟ್ರಿಸ್ ಮಿಂಟ್ಜ್ ಮತ್ತು ಕಾರ್ಲ್ ಇಲ್‌ಮೆನ್ಸೀ ಇಲಿಯ ಒಂದು ಬಗೆಯ ಗಡ್ಡೆಯ ಕೋಶಗಳನ್ನು ಇಲಿಯ ಎಳೆಯ ಭ್ರೂಣದೊಳಗೆ ಸೇರಿಸಿದರು. ಹುಟ್ಟಿದ ಮರಿಗಳ ಆರೋಗ್ಯವಂತ ಅಂಗಾಂಶಗಳಲ್ಲಿ ಆ ಕೋಶಗಳ ಸಂತತಿಯೂ ಇತ್ತು. 1997ರಲ್ಲಿ ಮಿನಾ ಬಿಸ್ಸೆಲ್ ಅವರ ತಂಡ ಮನುಷ್ಯರ ಸ್ತನ ಕ್ಯಾನ್ಸರಿನ ಕೋಶಗಳನ್ನು ಮೂರು ಆಯಾಮದ ಜೆಲ್‌ನಲ್ಲಿ ಬೆಳೆಸಿ, ಕೋಶದ ಹೊರಮೈಯ ಒಂದು ಗ್ರಾಹಕ ಪ್ರೋಟೀನನ್ನು ತಡೆಹಿಡಿದಾಗ, ಅವು ಸಾಮಾನ್ಯ ಅಂಗಾಂಶದಂತೆ ದುಂಡಗೆ ಜೋಡಿಸಿಕೊಂಡವು. ಅವುಗಳ ಡಿಎನ್ಎಯಲ್ಲಿದ್ದ ದೋಷ ಹಾಗೆಯೇ ಇತ್ತು. ಇವನ್ನು ಹೇಳುವಾಗ ಎಚ್ಚರ ಬೇಕು. ಮೊದಲನೆಯದು ಭ್ರೂಣಕೋಶಗಳಿಗೆ ಬಹಳ ಹತ್ತಿರದ ವಿಶೇಷ ಗಡ್ಡೆ, ಎರಡನೆಯದು ಪ್ರಯೋಗಾಲಯದ ತಟ್ಟೆ. ಇದರಿಂದ ರೋಗ ವಾಸಿಯಾಗುತ್ತದೆ ಎಂಬ ಅರ್ಥ ಬರಬಾರದು.

ಸುಳಿಯ ಹೋಲಿಕೆ ಮುರಿದುಬೀಳುವ ಇನ್ನೊಂದು ಜಾಗವಿದೆ. ಸುಳಿಗೆ ವಂಶವಿಲ್ಲ. ಗಡ್ಡೆಯ ಕೋಶಗಳಿಗೆ ಡಿಎನ್ಎ ಇದೆ, ಅದರಲ್ಲಿ ಬದಲಾವಣೆಗಳಾಗುತ್ತವೆ, ಔಷಧಕ್ಕೆ ಬಗ್ಗದ ಕೋಶಗಳು ಉಳಿದು ಬೆಳೆಯುತ್ತವೆ. ಪೀಟರ್ ನೋವೆಲ್ 1976ರಲ್ಲಿ ಗಡ್ಡೆಯನ್ನು ವಿಕಾಸಕ್ಕೆ ಒಳಗಾಗುವ ಕೋಶಸಮುದಾಯವಾಗಿ ನೋಡಬೇಕೆಂದು ಬರೆದರು. ಹತ್ತನೆಯ ತರಗತಿಯಲ್ಲಿ ಅನುವಂಶೀಯತೆಯ ಪಾಠ ಬಂದಾಗ ಈ ಎಳೆಯನ್ನು ಮತ್ತೆ ಹಿಡಿದುಕೊಳ್ಳಬಹುದು.

ಭಾಷೆಯ ಬಗ್ಗೆ ಒಂದು ಮಾತು. 'ಗಡ್ಡೆಗೆ ಬೇಕು', 'ಕ್ಯಾನ್ಸರ್ ಉಪಾಯ ಮಾಡುತ್ತದೆ' ಎಂಬ ಮಾತುಗಳು ಕನ್ನಡದಲ್ಲಿ ಸಲೀಸಾಗಿ ಬರುತ್ತವೆ. ಈ ಲೇಖನದಲ್ಲೂ ಹಾಗೆ ಬಂದಿವೆ, ಪೂರ್ತಿ ಬಿಡುವುದು ಕಷ್ಟ. ಪಾಠದ ಕೊನೆಯಲ್ಲಿ ಅಂಥ ಒಂದು ವಾಕ್ಯವನ್ನು ಹಲಗೆಯ ಮೇಲೆ ಬರೆದು, 'ಬೇಕು' ಎಂಬುದನ್ನು ತೆಗೆದು ಕಾರಣ–ಪರಿಣಾಮದ ರೂಪದಲ್ಲಿ ತಿರುಗಿ ಬರೆಯಿರಿ ಎಂದರೆ ಒಳ್ಳೆಯ ಅಭ್ಯಾಸವಾಗುತ್ತದೆ.

ಸಕ್ಕರೆಯ ಪ್ರಶ್ನೆ

ಗಡ್ಡೆ ಗ್ಲೂಕೋಸ್ ತಿನ್ನುತ್ತದೆ ಎಂದು ಹೇಳಿದ ಕೂಡಲೇ ಒಂದು ಪ್ರಶ್ನೆ ಬಂದೇ ಬರುತ್ತದೆ. ನನ್ನ ತರಗತಿಯಲ್ಲಿ ಎರಡನೆಯ ಬೆಂಚಿನ ಹುಡುಗಿ ಕೇಳಿದಳು: "ಮಿಸ್, ಹಂಗಾದ್ರೆ ಸಕ್ಕರೆ, ಅನ್ನ ಎಲ್ಲಾ ಬಿಟ್ಬಿಟ್ರೆ ಗಡ್ಡೆ ಸಾಯುತ್ತಾ?" ಕೇಳಿದ ಧ್ವನಿಯಿಂದಲೇ ಇದು ಕುತೂಹಲದ ಪ್ರಶ್ನೆಯಲ್ಲ ಎಂದು ಗೊತ್ತಾಗುತ್ತಿತ್ತು. ಅವಳ ಮನೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವ ಅಜ್ಜಿ ಇದ್ದಾರೆ, ಅವರಿಗೆ ಊಟ ಕಡಿಮೆ ಮಾಡಬೇಕೆಂದು ಯಾರೋ ಹೇಳಿದ್ದಾರೆ. ನಾವು ಅರ್ಧ ಪಾಠ ಮಾಡಿ ಗಂಟೆ ಹೊಡೆದರೆ ಆ ಅರ್ಧ ಪಾಠ ಸಂಜೆ ಒಂದು ಮನೆಯ ಅಡುಗೆಮನೆಗೆ ಹೋಗುತ್ತದೆ. ಹಾಗಾಗಿ ಈ ಪ್ರಶ್ನೆಗೆ ಉತ್ತರಿಸಲು ಎರಡನೆಯ ಅವಧಿಯ ಕೊನೆಯ ಹದಿನೈದು ನಿಮಿಷ ಮೊದಲೇ ಮೀಸಲಿಡಬೇಕು. ಯಾರೂ ಕೇಳದಿದ್ದರೆ ಶಿಕ್ಷಕರೇ ಎತ್ತಬೇಕು.

ಉತ್ತರವೂ ಅದೇ ಹರಿವಿನ ಲೆಕ್ಕದಲ್ಲಿದೆ. ಹೊಟ್ಟೆ ಖಾಲಿ ಇರುವಾಗ ರಕ್ತದಲ್ಲಿ 100 ಮಿಲಿಲೀಟರಿಗೆ 70ರಿಂದ 100 ಮಿಲಿಗ್ರಾಂ ಗ್ಲೂಕೋಸ್ ಇರುತ್ತದೆ. ಐದು ಲೀಟರ್ ರಕ್ತಕ್ಕೆ ಲೆಕ್ಕ ಹಾಕಿದರೆ ನಾಲ್ಕೈದು ಗ್ರಾಂ, ಒಂದು ಚಹಾ ಚಮಚೆಯಷ್ಟು. ಊಟ ಬಿಟ್ಟರೂ ಯಕೃತ್ತು ಆ ಮಟ್ಟವನ್ನು ಕೆಳಗಿಳಿಯಲು ಬಿಡುವುದಿಲ್ಲ. ಮೊದಲು ತನ್ನಲ್ಲಿ ಕೂಡಿಟ್ಟ ಗ್ಲೈಕೋಜನ್ ಒಡೆಯುತ್ತದೆ, ಅದು ಸುಮಾರು ಒಂದು ದಿನಕ್ಕೆ ಸಾಕು. ಆಮೇಲೆ ಸ್ನಾಯುವಿನ ಪ್ರೋಟೀನಿನಿಂದ ಬಂದ ಅಮೈನೊ ಆಮ್ಲಗಳಿಂದ ಹೊಸದಾಗಿ ಗ್ಲೂಕೋಸ್ ಮಾಡುತ್ತದೆ. ಅಂದರೆ ಊಟ ಬಿಟ್ಟವರ ಸ್ನಾಯು ಕರಗುತ್ತದೆ, ಗಡ್ಡೆಗೆ ಹೋಗುವ ರಕ್ತದಲ್ಲಿ ಗ್ಲೂಕೋಸ್ ಇದ್ದೇ ಇರುತ್ತದೆ. ಅಲ್ಲದೆ ಗಡ್ಡೆಯ ಕೋಶಗಳು ಗ್ಲುಟಮಿನ್ ಎಂಬ ಅಮೈನೊ ಆಮ್ಲವನ್ನೂ ಕೊಬ್ಬನ್ನೂ ಬಳಸಬಲ್ಲವು.

ಇದಕ್ಕಿಂತ ಮುಖ್ಯವಾದ ಲೆಕ್ಕ ಕೋರಿ ಚಕ್ರದ್ದು. ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿ ವಿವರಿಸಿದ ಈ ಚಕ್ರದಲ್ಲಿ ಸ್ನಾಯು ಬಿಟ್ಟ ಲ್ಯಾಕ್ಟಿಕ್ ಆಮ್ಲವನ್ನು ಯಕೃತ್ತು ಮತ್ತೆ ಗ್ಲೂಕೋಸ್ ಮಾಡಿ ಕಳಿಸುತ್ತದೆ. ಗಡ್ಡೆ ಬಿಟ್ಟ ಲ್ಯಾಕ್ಟಿಕ್ ಆಮ್ಲಕ್ಕೂ ಅದೇ ದಾರಿ. ಒಂದು ಗ್ಲೂಕೋಸನ್ನು ಒಡೆದು ಗಡ್ಡೆ ಪಡೆಯುವುದು ಎರಡು ಎಟಿಪಿ. ಅದನ್ನು ತಿರುಗಿ ಕಟ್ಟಲು ಯಕೃತ್ತು ತೆರುವುದು ಆರು ಎಟಿಪಿಗೆ ಸಮನಾದ ಶಕ್ತಿ. ಪ್ರತಿ ಸುತ್ತಿನಲ್ಲೂ ದೇಹಕ್ಕೆ ನಾಲ್ಕರ ನಷ್ಟ. ಗಡ್ಡೆಯ ಕ್ರಮಕ್ಕೆ ಬೆಲೆ ತೆರುತ್ತಿರುವುದು ದೇಹದ ಉಳಿದ ಭಾಗ. ತೂಕ ಇಳಿಯುತ್ತಿರುವ ಕ್ಯಾನ್ಸರ್ ರೋಗಿಗಳಲ್ಲಿ ಈ ಚಕ್ರ ಹೆಚ್ಚು ನಡೆಯುವುದು ಕಂಡುಬಂದಿದೆ. ತೂಕ ಇಳಿಯಲು ಇದೊಂದೇ ಕಾರಣವಲ್ಲ, ಉರಿಯೂತದ ಪಾತ್ರ ದೊಡ್ಡದು. ಆದರೂ ಎರಡಕ್ಕೆ ಆರು ಎಂಬ ಲೆಕ್ಕ ಹಲಗೆಯ ಮೇಲೆ ಬಂದಾಗ ರೋಗಿಗೆ ಊಟ ಏಕೆ ಬೇಕು ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ಆ ಹುಡುಗಿ ಈ ಲೆಕ್ಕವನ್ನು ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡಳು. ಅಜ್ಜಿಯ ಊಟದ ಬಗ್ಗೆ ಚಿಕಿತ್ಸೆ ನೀಡುವ ವೈದ್ಯರನ್ನೇ ಕೇಳಬೇಕೆಂದು ಅವಳಿಗೆ ತರಗತಿ ಮುಗಿದ ಮೇಲೆ ಬೇರೆಯಾಗಿ ಹೇಳಿದೆ. ಇಂಥ ಮಾತನ್ನು ಎಲ್ಲರ ಮುಂದೆ ಆಡಬಾರದು.

ಶಾಖದ ಬಗ್ಗೆಯೂ ಇಂಥದೇ ಪ್ರಶ್ನೆ ಬರಬಹುದು. ಕೆಲವು ಸ್ತನ ಗಡ್ಡೆಗಳ ಮೇಲಿನ ಚರ್ಮ ಸ್ವಲ್ಪ ಹೆಚ್ಚು ಬೆಚ್ಚಗಿರುತ್ತದೆ ಎಂದು 1950ರ ದಶಕದಲ್ಲೇ ಗಮನಿಸಿದ್ದರು. ಹಾಗೆಂದು ಶಾಖದ ಚಿತ್ರ ತೆಗೆಯುವುದು ಮ್ಯಾಮೊಗ್ರಫಿಗೆ ಬದಲಿಯಲ್ಲ. ಮುಟ್ಟಿದರೆ ಅಂಟುತ್ತದೆಯೇ ಎಂದು ಕೇಳುವವರೂ ಇರುತ್ತಾರೆ, ಇಲ್ಲ ಎಂದು ಖಚಿತವಾಗಿ ಹೇಳಬೇಕು.

ಮೌಲ್ಯಮಾಪನ

ವ್ಯಾಖ್ಯೆ ಬರೆಯಿರಿ ಎಂಬ ಪ್ರಶ್ನೆಯಿಂದ ಈ ಪಾಠದ ಕಲಿಕೆ ಅಳೆಯಲಾಗದು. ನಾನು ಬಳಸಿದ ಪ್ರಶ್ನೆ ಹೀಗಿತ್ತು: 'ಬಾಟಲಿಯ ಸುಳಿ, ಮಾಯುತ್ತಿರುವ ಗಾಯ, ಗಡ್ಡೆ: ಈ ಮೂರರಲ್ಲಿ ಸಮಾನವಾದುದೇನು? ಯಾವುದು ಯಾವುದಕ್ಕಿಂತ ಹೇಗೆ ಬೇರೆ?' ಹರಿವಿನಿಂದ ಉಳಿಯುವ ಕ್ರಮ ಎಂದು ಸಮಾನತೆ ಗುರುತಿಸಿದವರಿಗೆ ಎರಡು ಅಂಕ, ಸುಳಿಗೆ ವಂಶವಾಹಿ ಇಲ್ಲ ಎಂದವರಿಗೆ ಒಂದು, ಗಾಯ ನಿಲ್ಲುತ್ತದೆ ಗಡ್ಡೆ ನಿಲ್ಲುವುದಿಲ್ಲ ಎಂದವರಿಗೆ ಎರಡು. ಸಮಾನತೆಯನ್ನು ಬಹುಪಾಲು ಮಕ್ಕಳು ಬರೆದರು. ಕೊನೆಯ ಅಂಶದಲ್ಲಿ ಉತ್ತರಗಳು ಚದುರಿದವು. ಒಬ್ಬ ಹುಡುಗ, "ಗಾಯಕ್ಕೆ ಚರ್ಮ ಹೇಳಿದ್ದು ಕೇಳಿಸುತ್ತದೆ, ಗಡ್ಡೆಗೆ ಕೇಳಿಸಿದರೂ ನಿಲ್ಲಲು ಬ್ರೇಕ್ ಇಲ್ಲ" ಎಂದು ಬರೆದಿದ್ದ. ಪೂರ್ಣ ಅಂಕ ಕೊಟ್ಟು, ಬ್ರೇಕ್ ಎಂದರೆ ಕೋಶದಲ್ಲಿ ಯಾವುದು ಎಂದು ಅಂಚಿನಲ್ಲಿ ಕೇಳಿ ಪುಸ್ತಕ ಹಿಂದಿರುಗಿಸಿದೆ. ಜೀನ್‌ಗಳ ಪಾಠ ಇನ್ನೂ ಆಗಿಲ್ಲದ ಕಾರಣ ಉತ್ತರಕ್ಕೆ ಅವನಿಗೆ ಒಂದು ತಿಂಗಳ ಸಮಯವಿದೆ.